ಮೀಟರ್ 90 ಅಂದಿತು, ಮೂಗು ಬೇರೆ ಹೇಳಿತು: ಒಂದು ಹಳೇ ಡೀಸೆಲ್ ಗಾಡಿಯ ಪ್ರಕರಣ

ಈ ಕೆಲಸ ಮಾಡಿದವನು ನಾನೇ, ಕೆಡಿಸಿದವನೂ ನಾನೇ. ಕೋಲಾರದಲ್ಲಿ ನನ್ನದೊಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ. ಸೆಲ್ಫ್ ಮೋಟರ್, ಡೈನಮೋ, ಹಾರ್ನು, ಲೈಟು, ಟೊಮೆಟೊ ಸೀಸನ್ನಿನಲ್ಲಿ ಮಾರ್ಕೆಟ್ಟಿಗೆ ಬರುವ ಟೆಂಪೋಗಳ ಸುಟ್ಟ ವೈರಿಂಗ್, ಇದೇ ದಿನದ ಪಾಡು. ಹೊರಗಿನಿಂದ ತಂದ ಟೆಂಪರೇಚರ್ ಮೀಟರ್, ಆಯಿಲ್ ಪ್ರೆಷರ್ ಮೀಟರ್ ಕೂರಿಸಿಕೊಡಿ ಅಂತ ಬರುವವರು ವರ್ಷಕ್ಕೆ ನಾಲ್ಕೈದು ಜನ. ಅದರಲ್ಲಿ ಒಂದು ಗಾಡಿಯ ಕಥೆಯನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಗಾಡಿಯವರನ್ನು ಕೇಳಿಯೇ ಬರೆಯುತ್ತಿರುವುದು. ಅವರ ಹೆಸರು, ಊರು, ಗಾಡಿಯ ಕಂಪನಿ ಯಾವುದೂ ಬೇಡ. ರಿಟೈರ್ ಆದ ಗಣಿತದ ಮೇಷ್ಟ್ರು, ಮುಳಬಾಗಿಲು ಕಡೆಯವರು, ಅಷ್ಟು ಸಾಕು. "ನನ್ನ ಹೆಸರು ಬಿಡು, ನಿನ್ನ ತಪ್ಪು ಮಾತ್ರ ಒಂದೂ ಬಿಡಬೇಡ" ಅಂತ ನಗುತ್ತಾ ಹೇಳಿದ್ದಾರೆ.

ಗಾಡಿ, ಅದರ ಹಳೇ ಗಾಯ

20 ವರ್ಷ ದಾಟಿದ ಏಳು ಸೀಟಿನ ಡೀಸೆಲ್ ಗಾಡಿ. ಎಫ್‌ಸಿ ಮಾಡಿಸಿ ಇಟ್ಟುಕೊಂಡಿದ್ದಾರೆ. ವರ್ಷಕ್ಕೆ ಎರಡು ಸಲ ತಿರುಪತಿ, ಆಗಾಗ ಕುರುಡುಮಲೆ, ಬೆಂಗಳೂರಿನಲ್ಲಿರುವ ಮಗಳ ಮನೆ, ಇಷ್ಟೇ ಓಡಾಟ. ಹಿಂದಿನ ವರ್ಷ ತಿರುಪತಿಯಿಂದ ಬರುವಾಗ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯದ ಸೀಲು) ಹೋಗಿತ್ತು. ಚಿತ್ತೂರು ಬಿಟ್ಟು ಬಂಗಾರುಪಾಳ್ಯಂ ದಾಟಿದ ಮೇಲೆ ಮೊಗಿಲಿ ಘಾಟ್ ಸಿಗುತ್ತದಲ್ಲ, ಅಲ್ಲೇ. ಗಾಡಿ ತುಂಬ ಜನ, ಏಸಿ ಆನ್, ಮುಂದೆ ಸರಕಿನ ಲಾರಿ.

ಮೇಷ್ಟ್ರಿಗೆ ಬೇಜಾರಾಗಿದ್ದು ಗ್ಯಾಸ್ಕೆಟ್ ಖರ್ಚಿಗಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಕೊನೇ ನಿಮಿಷದವರೆಗೂ ಮಧ್ಯದಲ್ಲೇ ನಿಂತಿತ್ತು. "40 ವರ್ಷ ಮಕ್ಕಳಿಗೆ ಗ್ರಾಫ್ ಹೇಳಿಕೊಟ್ಟಿದ್ದೀನಿ ಕಣಪ್ಪಾ, ಬದಲಾಗದೇ ಇರೋ ಗ್ರಾಫ್ ನೋಡಿ ಮೋಸ ಹೋದೆ" ಅಂದರು.

ಅವರು ಹೇಳಿದ್ದು ಸರಿಯೇ. ಎಷ್ಟೋ ಕಾರುಗಳಲ್ಲಿ ಕಂಪನಿಯವರೇ ಆ ಮುಳ್ಳನ್ನು ಬೇಕಂತಲೇ ಸೋಮಾರಿ ಮಾಡಿರುತ್ತಾರೆ. ಕೂಲೆಂಟ್ (ಇಂಜಿನ್ ತಣಿಸುವ ನೀರು) ಸುಮಾರು 75 ಡಿಗ್ರಿ ಇದ್ದರೂ ಮಧ್ಯ, 105 ಇದ್ದರೂ ಮಧ್ಯ. ಮುಳ್ಳು ಸ್ವಲ್ಪ ಆಡಿದರೂ ಜನ ಹೆದರಿ ಸರ್ವಿಸ್ ಸೆಂಟರಿಗೆ ಓಡಿ ಬರುತ್ತಾರೆ, ಅದಕ್ಕೆ ಈ ಏರ್ಪಾಡು. ಮುಳ್ಳು ಮೇಲೆ ಹೊರಡುವ ಹೊತ್ತಿಗೆ ನಮಗೆ ಉಳಿಯುವುದು ಒಂದೆರಡು ನಿಮಿಷ. ಇನ್ನೊಂದು ವಿಷಯ: ನೀರು ಸೋರಿ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತುಬಿಟ್ಟರೆ, ಇಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೆ ಇಳಿಯುತ್ತದೆ. ಮೇಷ್ಟ್ರ ಗಾಡಿಯಲ್ಲಿ ಆವತ್ತು ಇದೂ ಸ್ವಲ್ಪ ಆಗಿತ್ತು ಅನಿಸುತ್ತದೆ.

ಅವರಿಗೆ ಬೇಕಾಗಿದ್ದು ಅಂಕಿ. ಎಷ್ಟು ಡಿಗ್ರಿ, ಎಷ್ಟು ಬಾರ್ (ಆಯಿಲ್ ಪ್ರೆಷರಿನ ಅಳತೆ), ಕಣ್ಣಿಗೆ ಕಾಣಬೇಕು. ಹೊಸ ಗಾಡಿಯಾಗಿದ್ದರೆ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಒಬಿಡಿ ಸ್ಕ್ಯಾನರ್ ಚುಚ್ಚಿ, ಗಾಡಿಯ ಸ್ವಂತ ಸೆನ್ಸರಿನ ಡಿಗ್ರಿಯನ್ನೇ ಮೊಬೈಲಿನಲ್ಲಿ ನೋಡಬಹುದಿತ್ತು. ವೈರ್ ಕತ್ತರಿಸುವ ಕೆಲಸವೇ ಇಲ್ಲ. ಆದರೆ ಆಯಿಲ್ ಪ್ರೆಷರ್ ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಗಾಡಿಗೆ ಆ ಸಾಕೆಟ್ಟೇ ಇರಲಿಲ್ಲ ಬಿಡಿ.

ಅಂಗಡಿಗೆ ಬಂದಾಗ ಕೈಯಲ್ಲಿ ಡಬ್ಬ ಹಿಡಿದೇ ಬಂದಿದ್ದರು. ಆನ್‌ಲೈನಿನಲ್ಲಿ ತರಿಸಿದ ಕಿಟ್. 52 ಮಿಲಿಮೀಟರಿನ ಎರಡು ಮೀಟರ್, ಒಂದು 40ರಿಂದ 120 ಡಿಗ್ರಿಯದು, ಇನ್ನೊಂದು 0ಯಿಂದ 10 ಬಾರಿನದು. ಎರಡು ಸೆನ್ಸರ್, ಒಂದು ಹಿತ್ತಾಳೆಯ ಟೀ (ಇಂಗ್ಲಿಷಿನ T ಆಕಾರದ, ಮೂರು ಬಾಯಿಯ ಜಾಯಿಂಟ್), ರೇಡಿಯೇಟರ್ ಹೋಸಿನ ಮಧ್ಯೆ ಕೂರಿಸುವ ಅಲ್ಯೂಮಿನಿಯಂ ಅಡಾಪ್ಟರ್, ವೈರು, ಕೊನೆಯಲ್ಲಿ ಒಂದು ಸುರುಳಿ ಟೆಫ್ಲಾನ್ ಟೇಪ್. ಈ ಟೇಪನ್ನು ನೆನಪಿಟ್ಟುಕೊಳ್ಳಿ.

ಮೊದಲನೇ ಸಲ ಮಾಡಿದ್ದು

ಒಂದು ನಿರ್ಧಾರ ಚೆನ್ನಾಗಿಯೇ ಆಗಿತ್ತು. ಆಯಿಲ್ ಮೀಟರಿನಲ್ಲಿ ಎರಡು ಜಾತಿ. ಒಂದು ಮೆಕ್ಯಾನಿಕಲ್, ಇಂಜಿನ್ ಆಯಿಲನ್ನೇ ಸಣ್ಣ ಪೈಪಿನಲ್ಲಿ ಒಳಗೆ ತಂದು ಮೀಟರಿನ ಬೆನ್ನಿಗೆ ಕೊಡುವುದು. ಇನ್ನೊಂದು ಎಲೆಕ್ಟ್ರಿಕ್, ಇಂಜಿನ್ ಹತ್ತಿರ ಸೆನ್ಸರ್, ಒಳಗೆ ಬರುವುದು ಬರೀ ವೈರು. ಮೆಕ್ಯಾನಿಕಲ್ ಹೆಚ್ಚು ನಂಬಿಕಸ್ತ, ನಿಜ. ಆದರೆ ಆ ಪೈಪ್ ಒಳಗಡೆ ಎಲ್ಲಾದರೂ ಬಿಟ್ಟುಕೊಂಡರೆ ಸುಡುವ ಆಯಿಲ್ ಬರುವುದು ಡ್ರೈವರ್ ಕಾಲಿನ ಮೇಲೆ. ಮನೆ ಗಾಡಿಗೆ ಬೇಡವೇ ಬೇಡ. ಮೇಷ್ಟ್ರು ತಂದಿದ್ದು ಎಲೆಕ್ಟ್ರಿಕ್, ನಾನೂ ಹೂಂ ಅಂದೆ.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಗ್ನಿಷನ್ ಲೈನಿನಿಂದ 3 ಆಂಪಿಯರ್ ಫ್ಯೂಸ್ ಹಾಕಿ ಕರೆಂಟ್, ಫೈರ್‌ವಾಲ್ ತೂತಿಗೆ ರಬ್ಬರ್ ಗ್ರೋಮೆಟ್, ಮೀಟರಿನ ಬಲ್ಬಿಗೆ ಪಾರ್ಕಿಂಗ್ ಲೈಟಿನ ಲೈನು. ಇದೆಲ್ಲ ಕಣ್ಣು ಮುಚ್ಚಿಕೊಂಡು ಬರುವ ಕೆಲಸ. ಎಡವಿದ್ದು ಬಾನೆಟ್ ಒಳಗೆ.

ನೀರಿನ ಸೆನ್ಸರಿಗೆ ಮೂರು ದಾರಿ ಇತ್ತು. ಗಾಡಿಯ ಹಳೇ ಸೆನ್ಸರ್ ಬಿಚ್ಚಿ ಅದೇ ಜಾಗಕ್ಕೆ ಹಾಕುವುದು, ಆಗ ಡ್ಯಾಶ್‌ಬೋರ್ಡಿನ ಮುಳ್ಳು ಸಾಯುತ್ತದೆ. ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕೂತಿರುವ ಹೌಸಿಂಗ್ ಬಿಚ್ಚಿ ಲೇತಿನಲ್ಲಿ ತೂತು ಹೊಡೆಸುವುದು, ಒಂದು ದಿನದ ಕೆಲಸ. ಇಲ್ಲವೇ ಮೇಲಿನ ಹೋಸನ್ನು ಕತ್ತರಿಸಿ ಮಧ್ಯೆ ಅಡಾಪ್ಟರ್ ಕೂರಿಸುವುದು, ಒಂದು ಗಂಟೆ. ಮಧ್ಯಾಹ್ನ ಮೂರಾಗಿತ್ತು, ಹೊರಗೆ ಇನ್ನೆರಡು ಟೆಂಪೋ ಕಾಯುತ್ತಿದ್ದವು. ಹೋಸ್ ಕತ್ತರಿಸಿದೆ.

ಅಡಾಪ್ಟರ್ ರಬ್ಬರಿನ ಮಧ್ಯೆ ತೇಲುತ್ತಿರುತ್ತದೆ, ಇಂಜಿನ್ ಕಬ್ಬಿಣಕ್ಕೆ ಎಲ್ಲೂ ತಾಗುವುದಿಲ್ಲ. ಒಂದೇ ವೈರಿನ ಸೆನ್ಸರಿಗೆ ಅದರ ಮೈಯೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಹಾಗಾಗಿ ಅಡಾಪ್ಟರಿಗೆ ಬೇರೆ ಅರ್ತ್ ವೈರ್ ಕೊಡಲೇಬೇಕು. ಅಷ್ಟು ಗೊತ್ತಿತ್ತು, ಕೊಟ್ಟೆ. ಕೊಟ್ಟಿದ್ದು ಎಲ್ಲಿಗೆ? ಪಕ್ಕದಲ್ಲಿದ್ದ, ಬಣ್ಣ ಹೊಡೆದ ಒಂದು ಬ್ರಾಕೆಟ್ಟಿಗೆ, ಸೆಲ್ಫ್ ಸ್ಕ್ರೂ ಹೊಡೆದು. ಬಣ್ಣ ಕೆರೆಯಲಿಲ್ಲ.

ಆಯಿಲ್ ಕಡೆ, ಬ್ಲಾಕಿನಲ್ಲಿದ್ದ ಹಳೇ ಆಯಿಲ್ ಸ್ವಿಚ್ (ಪ್ರೆಷರ್ ಇಲ್ಲದಾಗ ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ಉರಿಸುವುದು) ಬಿಚ್ಚಿ, ಅಲ್ಲಿ ಟೀ ಕೂರಿಸಿ, ಟೀಯ ಒಂದು ಬಾಯಿಗೆ ಹಳೇ ಸ್ವಿಚ್, ಇನ್ನೊಂದು ಬಾಯಿಗೆ ಹೊಸ ಸೆನ್ಸರ್. ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಉಳಿಯಬೇಕು ಎಂಬುದು ನನ್ನ ಹಟ, ಅದರಿಂದ ಆಮೇಲೆ ಉಪಕಾರವೇ ಆಯಿತು. ಕಿಟ್ಟಿನ ಟೀ ಥ್ರೆಡ್ ಅಮೆರಿಕದ ಎನ್‌ಪಿಟಿ ಅಳತೆಯದು, ಈ ಸೈಜಿನಲ್ಲಿ ಇಂಚಿಗೆ 27 ಸುತ್ತು. ಬ್ಲಾಕಿನದು ಬ್ರಿಟಿಷ್ ಅಳತೆಯ ಬಿಎಸ್‌ಪಿ, 28 ಸುತ್ತು. ಎರಡು ಸುತ್ತು ಬೆಣ್ಣೆ ಹಾಗೆ ಹೋಗುತ್ತದೆ, ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಬ್ಲಾಕಿನ ಥ್ರೆಡ್ ಹೋಯಿತು ಅಂತಲೇ. ನಾನು ನಿಲ್ಲಿಸಿದೆ. ಪಕ್ಕದ ಬೀದಿಯ ಲೇತಿನವರ ಹತ್ತಿರ ಒಂದು ಕಡೆ 28, ಒಂದು ಕಡೆ 27 ಇರುವ ಹಿತ್ತಾಳೆ ತುಂಡು ಮಾಡಿಸಿಕೊಂಡು ಬಂದೆ. ಇದು ಸರಿ. ಆದರೆ ಆಮೇಲೆ ಆ ತುಂಡಿಗೆ, ಟೀಗೆ, ಸೆನ್ಸರಿಗೆ, ಮೂರಕ್ಕೂ ಟೆಫ್ಲಾನ್ ಟೇಪ್ ಸುತ್ತಿದೆ. ಎರಡು ಸುತ್ತು ಜಾಸ್ತಿನೇ. ಆಯಿಲ್ ಸೋರಿದರೆ ಮಾನ ಹೋಗುತ್ತದಲ್ವಾ?

ಸಂಜೆ ಸ್ಟಾರ್ಟ್ ಮಾಡಿದಾಗ ಎಲ್ಲ ಚೆಂದ. ತಣ್ಣಗಿದ್ದಾಗ 5 ಬಾರ್, ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) 1.2 ಬಾರ್, ನೀರು 88 ಡಿಗ್ರಿ. ಅಂತರಗಂಗೆ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಮೇಷ್ಟ್ರಿಗೆ ಮಗುವಿಗೆ ಗಡಿಯಾರ ಕೊಟ್ಟಷ್ಟು ಖುಷಿ.

ಎರಡು ತಿಂಗಳು

ಮೇಷ್ಟ್ರು ಒಂದು 100 ಪುಟದ ನೋಟ್‌ಬುಕ್ ಇಟ್ಟರು. ತಾರೀಕು, ಕಿಲೋಮೀಟರ್, ನೀರು ಎಷ್ಟು, ಐಡಲ್‌ನಲ್ಲಿ ಆಯಿಲ್ ಎಷ್ಟು, ಕೊನೇ ಕಾಲಂ 'ವಿಶೇಷ'. ನಾನು ಅದನ್ನು ನೋಡಿದ್ದು ಅನಾಹುತ ಆದ ಮೇಲೆ. ಮೊದಲೇ ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನೀರಿನ ಕಾಲಂನಲ್ಲಿ 88, 86, 83, 79. ಆಯಿಲ್ ಕಾಲಂನಲ್ಲಿ 1.2, 1.5, 2.1, 2.6. ಒಂದು ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ, ಎರಡೂ ಒಳ್ಳೇ ಕಡೆಗೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮೇಷ್ಟ್ರ ಷರಾ: 'ಇಂಜಿನ್ ಸುಧಾರಿಸುತ್ತಿದೆ, ಹೊಸ ಆಯಿಲ್ ಚೆನ್ನಾಗಿದೆ.' ಎರಡು ಲಕ್ಷ ಕಿಲೋಮೀಟರ್ ಓಡಿದ ಇಂಜಿನ್ನಿಗೆ ಎರಡು ತಿಂಗಳಲ್ಲಿ ಪ್ರಾಯ ಬಂದಿದೆಯಂತೆ!

'ವಿಶೇಷ' ಕಾಲಂನಲ್ಲಿ ಇನ್ನೆರಡು ವಿಷಯ ಇದ್ದವು. ಮೂರು ಕಡೆ 'ಬಾಟಲಿಗೆ ಅರ್ಧ ಲೀಟರ್ ನೀರು ಹಾಕಿದೆ.' ಒಂದು ಕಡೆ 'ಆಯಿಲ್ ಲೈಟ್ ಮಂಕು. ಫೋನ್ ಮಾಡಿದೆ, ಪರವಾಗಿಲ್ಲವಂತೆ.'

ಹೌದು, ಫೋನ್ ಮಾಡಿದ್ದರು. "ಏನಪ್ಪಾ, ಕೀ ಆನ್ ಮಾಡಿದಾಗ ಆಯಿಲ್ ಲೈಟ್ ಮೊದಲಿನ ಹಾಗೆ ಕೆಂಪಗೆ ಉರೀತಿಲ್ಲ, ಮಂಕಾಗಿದೆ" ಅಂದರು. ನಾನು ಯಾವುದೋ ಆಟೋದ ಕೆಳಗೆ ಮಲಗಿದ್ದೆ. "ಹಳೇ ಬಲ್ಬು ಮೇಷ್ಟ್ರೇ, ಈ ಕಡೆ ಬಂದಾಗ ಬದಲಾಯಿಸೋಣ" ಅಂದು ಇಟ್ಟುಬಿಟ್ಟೆ. ಈ ಪ್ರಕರಣದಲ್ಲಿ ದಾರಿ ತಪ್ಪಿದ್ದು ಎಲ್ಲಿ ಅಂತ ಯಾರಾದರೂ ಕೇಳಿದರೆ, ಬಣ್ಣ ಕೆರೆಯದೇ ಇದ್ದದ್ದಕ್ಕಿಂತ ಈ ಫೋನನ್ನೇ ತೋರಿಸುತ್ತೇನೆ. ಕೈತಪ್ಪು ಯಾರಿಗಾದರೂ ಆಗುತ್ತದೆ. ಗಾಡಿ ಓಡಿಸುವವರು ಸುಳಿವನ್ನು ತಂದು ಕೈಗೇ ಕೊಟ್ಟಾಗ ನೋಡಲಿಲ್ಲವಲ್ಲ, ಅದು ಬೇರೆ.

ಮತ್ತೆ ಅದೇ ಘಾಟ್

ತಿರುಪತಿಯಿಂದ ವಾಪಸ್ ಬರುವಾಗ ಅದೇ ಮೊಗಿಲಿ ಘಾಟ್. ಮೇಷ್ಟ್ರು, ಅವರ ಮನೆಯವರು, ಮಗಳ ಸಂಸಾರ, ಲಗೇಜು. ಏರು ಶುರುವಾದ ಮೇಲೆ ಮೇಷ್ಟ್ರ ಕಣ್ಣು ರಸ್ತೆಗಿಂತ ಮೀಟರಿನ ಮೇಲೇ ಜಾಸ್ತಿ. 86, 88, 90. ಅಲ್ಲಿಗೆ ನಿಂತಿತು. ಅವರಿಗೆ ನೆಮ್ಮದಿ.

ಹಿಂದಿನ ಸೀಟಿನಿಂದ ಅಮ್ಮನವರು, "ರೀ, ಬೆಲ್ಲ ಸೀದ ವಾಸನೆ ಬರ್ತಿದೆ" ಅಂದರು.

"ಮುಂದಿನ ಲಾರಿದು."

"ಲಾರಿ ಯಾವಾಗಲೋ ಹೋಯ್ತು. ಹೋದ ವರ್ಷಾನೂ ಇದೇ ವಾಸನೆ."

"90 ತೋರಿಸ್ತಿದೆ ಕಣೇ, 90 ಅಂದ್ರೆ ಏನೂ ಇಲ್ಲ."

"ನಿಮ್ಮ ಮೀಟರ್ ಮನೆ ಹಾಳಾಗ, ಗಾಡಿ ನಿಲ್ಲಿಸ್ತೀರೋ ಇಲ್ವೋ?"

ನಿಲ್ಲಿಸಿದರು. ಈ ಮಾತುಕತೆಯನ್ನು ಅಮ್ಮನವರು ಆಮೇಲೆ ಅಂಗಡಿಯಲ್ಲಿ ಎಲ್ಲರೆದುರಿಗೂ ಎರಡು ಸಲ ಹೇಳಿದರು, ಮೇಷ್ಟ್ರು ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದರು. ಬಾನೆಟ್ ಎತ್ತಿದರೆ ಕೂಲೆಂಟ್ ಬಾಟಲಿ ಸೊಪ್ಪಿನ ಸಾರಿನ ಹಾಗೆ ಕೊತಕೊತ ಕುದಿಯುತ್ತಿತ್ತಂತೆ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಬಿಸಿಯಾದ ಲೋಹದ ಮೇಲೆ ಬಿದ್ದರೆ ಸಿಹಿ ವಾಸನೆ ಬರುತ್ತದೆ. ಬೆಲ್ಲ ಸೀದ ಹಾಗೆ ಅಂತ ಅಮ್ಮನವರು ಹೇಳಿದ್ದು ಸರಿಯಾಗಿಯೇ ಇತ್ತು.

ನನಗೆ ಫೋನ್ ಬಂತು. ಈ ಸಲ ಸರಿಯಾಗಿ ಕೇಳಿಸಿಕೊಂಡೆ. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ, ಕೈ ಮುಖ ಬೆಂದುಹೋಗುತ್ತೆ ಅಂದೆ. ಇಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಕಾದರು. ಹೋಸ್ ಕೈಗೆ ತಣ್ಣಗಾದ ಮೇಲೆ ಬಟ್ಟೆ ಹಾಕಿ ಕ್ಯಾಪ್ ತೆಗೆದು ಎರಡು ಲೀಟರ್ ನೀರು ತುಂಬಿಸಿ, ಕ್ಯಾಪನ್ನು ಸಡಿಲವಾಗಿ ಬಿಟ್ಟು, ಏಸಿ ಆಫ್ ಮಾಡಿ, ಇಂಜಿನ್ನಿನ ಬಿಸಿ ಆ ದಾರಿಯಲ್ಲೂ ಹೊರಗೆ ಹೋಗಲಿ ಅಂತ ಹೀಟರ್ ಪೂರ್ತಿ ಆನ್ ಮಾಡಿ, ಪಲಮನೇರು ಮೇಲೆ ನಿಧಾನವಾಗಿ ಮುಳಬಾಗಿಲು ಸೇರಿಕೊಂಡರು. ಕಿಟಕಿ ತೆಗೆದು, ಬಿಸಿಲಿನಲ್ಲಿ, ಹೀಟರ್ ಹಾಕಿಕೊಂಡು! ಮೊಮ್ಮಗ ಇವತ್ತಿಗೂ ಆ ಪ್ರಯಾಣ ಮರೆತಿಲ್ಲವಂತೆ. ಗ್ಯಾಸ್ಕೆಟ್ ಉಳಿಯಿತು.

ಅಂಗಡಿಯಲ್ಲಿ ಕಂಡಿದ್ದು

ಮಾರನೇ ದಿನ ಗಾಡಿ ಬಂತು. ಮೊದಲು ಮಾಡಿದ್ದು ಬಹಳ ಸುಲಭದ ಕೆಲಸ, ಎರಡು ತಿಂಗಳಲ್ಲಿ ನಾನೂ ಮಾಡಿರಲಿಲ್ಲ, ಮೇಷ್ಟ್ರೂ ಮಾಡಿರಲಿಲ್ಲ. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದೆವು. ಆಯಿಲ್ ಮೀಟರಿನ ಮುಳ್ಳು ಮೇಲೆದ್ದು ಒಂದೂವರೆ ಬಾರ್ ಹತ್ತಿರ ನಿಂತಿತು.

ನಿಂತ ಇಂಜಿನ್ನಿಗೆ ಒಂದೂವರೆ ಬಾರ್ ಪ್ರೆಷರ್.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ನಮ್ಮ ಹುಡುಗ ಟೀಯನ್ನು ಕೈಯಿಂದ ಸ್ವಲ್ಪ ಅಲ್ಲಾಡಿಸಿದ. ಮುಳ್ಳು ಸೊನ್ನೆಗೆ ಬಿತ್ತು, ಕೈ ಬಿಟ್ಟರೆ ಮತ್ತೆ ಎದ್ದಿತು. ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಕೂಡ ಅದರ ಜೊತೆಗೇ ಕೆಂಪಗಾಯಿತು, ಮಂಕಾಯಿತು, ಕೆಂಪಗಾಯಿತು. ಬಲ್ಬ್ ಹಳೆಯದಾಗಿದ್ದಕ್ಕಲ್ಲ.

ಮಲ್ಟಿಮೀಟರಿನ ಒಂದು ಕಡ್ಡಿ ಟೀಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. 31 ಓಮ್ (ಕರೆಂಟಿನ ದಾರಿಯಲ್ಲಿರುವ ಅಡ್ಡಿಯ ಅಳತೆ). ಅಲ್ಲಿ ಅರ್ಧ ಓಮ್ ಕೂಡ ಇರಬಾರದು. ಥ್ರೆಡ್ಡಿಗೆ ಸುತ್ತಿದ ಟೆಫ್ಲಾನ್ ಟೇಪ್ ಲೋಹಕ್ಕೆ ಲೋಹ ಸರಿಯಾಗಿ ತಾಗದ ಹಾಗೆ ಮಾಡಿತ್ತು. ಹೋಸಿನ ಅಡಾಪ್ಟರಿಗೆ ಹಿಡಿದರೆ 18 ಓಮ್. ಬ್ರಾಕೆಟ್ಟಿನ ಸ್ಕ್ರೂ ಬಿಚ್ಚಿದರೆ ಅದರ ಸುತ್ತ ತುಕ್ಕಿನ ಉಂಗುರ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಇಡೀ ಪ್ರಕರಣದ ತಿರುಳು ಇಷ್ಟೇ. ಈ ಜಾತಿಯ ಆಯಿಲ್ ಸೆನ್ಸರಿನಲ್ಲಿ ಪ್ರೆಷರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಪ್ರೆಷರಿಗೆ ಸುಮಾರು 180 ಓಮ್. ಅಂದರೆ ಓಮ್ ಜಾಸ್ತಿಯಾದಷ್ಟೂ ಪ್ರೆಷರ್ ಜಾಸ್ತಿ ತೋರಿಸುತ್ತದೆ. ನೀರಿನ ಸೆನ್ಸರ್ ಉಲ್ಟಾ. ಬಿಸಿಯಾದಷ್ಟೂ ಅದರ ಓಮ್ ಕಡಿಮೆಯಾಗುತ್ತದೆ, ಓಮ್ ಜಾಸ್ತಿ ಇದ್ದರೆ ತಣ್ಣಗಿದೆ ಅಂತ ಅರ್ಥ. ಈಗ ಅರ್ತ್ ಕೆಟ್ಟರೆ ಏನಾಗುತ್ತದೆ? ದಾರಿಯಲ್ಲಿ ಬೇಡದ ಓಮ್ ಸೇರಿಕೊಳ್ಳುತ್ತದೆ. ಅದು ಆಯಿಲ್ ಮೀಟರಿಗೆ 'ಪ್ರೆಷರ್ ಭರ್ಜರಿ' ಅನ್ನುತ್ತದೆ, ನೀರಿನ ಮೀಟರಿಗೆ 'ತಣ್ಣಗಿದೆ' ಅನ್ನುತ್ತದೆ. ಎರಡೂ ಸುಳ್ಳು, ಎರಡೂ ಸಿಹಿ ಸುದ್ದಿ. ಕೆಟ್ಟ ಅರ್ತ್ ನಮ್ಮನ್ನು ಹೆದರಿಸುವುದಿಲ್ಲ, ಮಲಗಿಸುತ್ತದೆ. ಎಲ್ಲ ಕಂಪನಿ ಸೆನ್ಸರೂ ಹೀಗೇ ಅಲ್ಲ. ಅಮೆರಿಕ ಕಡೆಯ ಕೆಲವು ಆಯಿಲ್ ಸೆನ್ಸರ್‌ಗಳಲ್ಲಿ ಸೊನ್ನೆಗೆ 240, ಪೂರ್ತಿಗೆ 33 ಓಮ್ ಇರುತ್ತದೆ, ಲೆಕ್ಕ ತಲೆಕೆಳಗು. ಅದಕ್ಕೇ ಒಂದು ಕಿಟ್ಟಿನ ಮೀಟರಿಗೆ ಇನ್ನೊಂದು ಕಿಟ್ಟಿನ ಸೆನ್ಸರ್ ಹಾಕಬಾರದು.

ಮೇಷ್ಟ್ರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಕಾಗಲಿಲ್ಲ. "ತೋರಿಸು" ಅಂದರು. ಪಕ್ಕದ ಟೀ ಅಂಗಡಿಯಿಂದ ಹಾಲು ಕಾಯಿಸುವ ಪಾತ್ರೆ ತಂದೆವು. ಸೆನ್ಸರನ್ನು ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, ತಳಕ್ಕೆ ತಾಗದ ಹಾಗೆ ನೋಡಿಕೊಂಡು, ಪಕ್ಕದಲ್ಲಿ ಒಂದು ಥರ್ಮಾಮೀಟರ್. 60 ಡಿಗ್ರಿಯಲ್ಲಿ 135 ಓಮ್ ಹತ್ತಿರ, 80ರಲ್ಲಿ 70, ನೀರು ಮರಳಿದಾಗ 42. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರ, ಹಾಗಾಗಿ ಇಲ್ಲಿ ನೀರು ಮರಳುವುದು 97 ಡಿಗ್ರಿಗೆ, 100ಕ್ಕಲ್ಲ. ಸೆನ್ಸರಿನ ಮೈಯಿಂದ ನೇರವಾಗಿ ಬ್ಯಾಟರಿಗೆ ವೈರ್ ಕೊಟ್ಟರೆ ಮೀಟರ್ 97ರ ಹತ್ತಿರವೇ ನಿಂತಿತು. ಆ ವೈರ್ ತೆಗೆದು ತುಕ್ಕು ಹಿಡಿದ ಬ್ರಾಕೆಟ್ಟಿನ ಅರ್ತ್ ಕೊಟ್ಟೆವು. ಅದೇ ಪಾತ್ರೆ, ಅದೇ ಮರಳುವ ನೀರು, ಮೀಟರ್ 85 ಅಂದಿತು.

ಮೇಷ್ಟ್ರು ನೋಟ್‌ಬುಕ್ ತೆಗೆದು ಅಲ್ಲೇ ಲೆಕ್ಕ ಹಾಕಿದರು. ಘಾಟ್‌ನಲ್ಲಿ ಮೀಟರ್ 90 ತೋರಿಸುತ್ತಿದ್ದಾಗ ನೀರು ನಿಜವಾಗಿ 105ರ ಆಸುಪಾಸಿನಲ್ಲಿತ್ತು. ಕ್ಯಾಪ್ ಸರಿಯಾಗಿ ಪ್ರೆಷರ್ ಹಿಡಿದಿದ್ದರೆ 105ಕ್ಕೆ ಕುದಿಯಬಾರದು, 115 ದಾಟಿದರೂ ತಡೆಯುತ್ತದೆ. ಕುದಿಯಿತು ಅಂದರೆ ಪ್ರೆಷರ್ ನಿಂತಿಲ್ಲ, ಎಲ್ಲೋ ಸೋರುತ್ತಿದೆ. ಎಲ್ಲಿ ಅಂತ ನೋಡಿದರೆ, ನಾಚಿಕೆಯ ವಿಷಯ, ನಾನು ಕೂರಿಸಿದ ಅಡಾಪ್ಟರಿನ ಕೆಳಗಿನ ಕ್ಲಾಂಪಿನಲ್ಲೇ. ಅಡಾಪ್ಟರಿನ ಮೂತಿಯಲ್ಲಿ ಒಂದು ಉಬ್ಬು ಇರುತ್ತದೆ, ಕ್ಲಾಂಪ್ ಆ ಉಬ್ಬನ್ನು ದಾಟಿ ಹಿಂದೆ ಕೂರಬೇಕು. ನನ್ನದು ಉಬ್ಬಿನ ಮೇಲೇ ಕೂತಿತ್ತು. ದಿನಾ ಹನಿ ಹನಿಯಾಗಿ ಸೋರಿಕೆ. ಮೂರು ಸಲ ಅರ್ಧ ಲೀಟರ್ ನೀರು ಕುಡಿದಿದ್ದು ಇಲ್ಲಿಂದ. ನೀರಿನ ಮೇಲೆ ಕಣ್ಣಿಡಲು ಹಾಕಿದ ವಸ್ತುವೇ ನೀರನ್ನು ಹೊರಗೆ ಬಿಡುತ್ತಿತ್ತು. ಬ್ರಾಕೆಟ್ಟಿಗೆ ತುಕ್ಕು ಬೇಗ ಬಂದಿದ್ದೂ ಬಹುಶಃ ಅದೇ ಹನಿಗಳಿಂದ.

ಟೀ ಬಿಚ್ಚಿದಾಗ ಇನ್ನೊಂದು ಕಂಡಿತು. ಟೆಫ್ಲಾನ್ ಟೇಪಿನ ಒಂದು ಬಿಳಿ ಎಳೆ ಟೀಯ ಒಳಬಾಯಿಗೆ ಇಳಿದು ನೂಲಿನ ಹಾಗೆ ನೇತಾಡುತ್ತಿತ್ತು. ಅದು ಹರಿದು ಆಯಿಲ್ ದಾರಿಗೆ ಹೋಗಿದ್ದರೆ ಯಾವ ಸಣ್ಣ ತೂತಿಗೆ ಅಡ್ಡ ಕೂರುತ್ತಿತ್ತೋ. ಚಿಮಟದಲ್ಲಿ ಹಿಡಿದು ಎಳೆದಾಗ ಅರ್ಧ ಇಂಚು ಬಂತು. ನನ್ನ ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ.

ಎರಡನೇ ಸಲ

ಅಡಾಪ್ಟರ್ ಕಿತ್ತು ಹೊಸ ಹೋಸ್ ಹಾಕಿದೆ. ಹೆಡ್ಡಿನ ಹಿಂಭಾಗದಲ್ಲಿ, ಹೀಟರ್ ಲೈನಿನ ಪಕ್ಕ, ಒಂದು ಡಮ್ಮಿ ಪ್ಲಗ್ ಇತ್ತು. ಮೊದಲ ದಿನವೇ ಕೈಕನ್ನಡಿ ಹಿಡಿದು ಹುಡುಕಿದ್ದರೆ ಆವತ್ತೇ ಸಿಗುತ್ತಿತ್ತು. ಅದನ್ನು ಬಿಚ್ಚಿ, ಲೇತಿನಲ್ಲಿ ಹಿತ್ತಾಳೆ ತುಂಡು ಮಾಡಿಸಿ, ನೀರಿನ ಸೆನ್ಸರ್ ಅಲ್ಲಿ ಕೂರಿಸಿದೆ. ಇಲ್ಲಿ ಎರಡು ಲಾಭ. ಲೋಹಕ್ಕೆ ಲೋಹ ತಾಗುವುದರಿಂದ ಅರ್ತ್ ತಾನಾಗಿ ಸಿಗುತ್ತದೆ. ಮೇಲಿನ ಹೋಸಿನಲ್ಲಾದರೆ ಥರ್ಮೋಸ್ಟಾಟ್ ತೆರೆದುಕೊಳ್ಳುವವರೆಗೆ, ಅಂದರೆ ಸುಮಾರು 82 ಡಿಗ್ರಿವರೆಗೆ, ಸೆನ್ಸರಿಗೆ ಬಿಸಿ ನೀರೇ ಸರಿಯಾಗಿ ಸಿಗುವುದಿಲ್ಲ. ಹೆಡ್ಡಿನಲ್ಲಿ ಮೊದಲ ನಿಮಿಷದಿಂದಲೇ ನಿಜ ಗೊತ್ತಾಗುತ್ತದೆ. ಕೂಲೆಂಟ್ ತುಂಬಿದ ಮೇಲೆ ಗಾಳಿ ತೆಗೆಯಲು ಅರ್ಧ ಗಂಟೆ ಹಿಡಿಯಿತು, ಅದರಲ್ಲಿ ಆತುರ ಮಾಡಲಿಲ್ಲ.

ಆಯಿಲ್ ಕಡೆ ಇನ್ನೊಂದು ಯೋಚನೆ ಇತ್ತು. ಬ್ಲಾಕಿಗೆ ನೇರವಾಗಿ ಹಿತ್ತಾಳೆ ಟೀ, ಅದರ ತುದಿಗೆ ಡಬ್ಬಿಯಂಥ ದೊಡ್ಡ ಸೆನ್ಸರ್. ಡೀಸೆಲ್ ಇಂಜಿನ್ನಿನ ನಡುಕಕ್ಕೆ ಆ ಭಾರ ಒಂದಲ್ಲ ಒಂದು ದಿನ ಹಿತ್ತಾಳೆಯ ಕುತ್ತಿಗೆ ಮುರಿಯುತ್ತದೆ, ಆಯಿಲ್ ಪೂರ್ತಿ ರಸ್ತೆಗೆ. ಅದಕ್ಕೆ ಬ್ಲಾಕಿನಿಂದ ಒಂದು ಗಿಡ್ಡ ಹೆಣಿಗೆ ಹೋಸ್ ತೆಗೆದು, ಟೀಯನ್ನು ಬಾಡಿಯ ಮೇಲೆ ಕ್ಲಾಂಪ್ ಮಾಡಿ, ಸೆನ್ಸರ್ ಮತ್ತು ಸ್ವಿಚ್ ಎರಡನ್ನೂ ಅಲ್ಲಿ ಕೂರಿಸಿದೆ. ಟೀಯಿಂದ ಬ್ಯಾಟರಿ ನೆಗೆಟಿವ್‌ಗೆ ಬೇರೆಯೇ ಅರ್ತ್ ವೈರ್, ರಿಂಗ್ ಟರ್ಮಿನಲ್ ಹಾಕಿ, ಕೆಳಗಿನ ಬಣ್ಣ ಕೆರೆದು. ಟೇಪ್ ಇಲ್ಲ. ಟ್ಯೂಬಿನ ಥ್ರೆಡ್ ಸೀಲಂಟ್ ಒಂದು ಹನಿ, ಅದೂ ಮೊದಲ ಎರಡು ಥ್ರೆಡ್ ಬಿಟ್ಟು.

ಆಮೇಲೆ ತಾಳೆ ನೋಡಿದೆವು. ಎರಡೂ ಸೆನ್ಸರಿನ ಮೈಯಿಂದ ಬ್ಯಾಟರಿಗೆ ಓಮ್ ಅಳೆದರೆ ಇಲ್ಲವೇ ಇಲ್ಲ ಅನ್ನುವಷ್ಟು. ಗೊತ್ತಿರುವ ಗ್ಯಾರೇಜಿನಿಂದ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಸಾಲ ತಂದು, ಬಿಸಿ ಇಂಜಿನ್ನಿನ ಐಡಲ್‌ನಲ್ಲಿ ಹಿಡಿದರೆ ಅದು 1.1, ನಮ್ಮದು 1.2. ಸಾಕು. ಮೇಷ್ಟ್ರ '2.6' ಇಲ್ಲಿಗೆ ಮುಗಿಯಿತು, ಸ್ವಲ್ಪ ಬೇಜಾರಿನಿಂದಲೇ ಒಪ್ಪಿಕೊಂಡರು. ಈ ಸಲದ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಲೇತಿನ 350 ರೂಪಾಯಿ ಅವರೇ ಕೊಟ್ಟರು, ಕೊಡಬೇಡಿ ಅಂದರೂ ಕೇಳಲಿಲ್ಲ.

ಇದಾದ ಮೇಲೆ ನನ್ನ ಕೆಲಸದ ರೀತಿ ಸ್ವಲ್ಪ ಬದಲಾಗಿದೆ. ಯಾರೇ ಮೀಟರ್ ತಂದರೂ ಸೆನ್ಸರ್ ಮೊದಲು ಪಾತ್ರೆಗೆ ಹೋಗುತ್ತದೆ, ಆಮೇಲೆ ಇಂಜಿನ್ನಿಗೆ. ಗಾಡಿಯವರಿಗೆ ದಿನಾ ಬೆಳಿಗ್ಗೆ ಒಂದು ಕೆಲಸ ಹೇಳಿಕೊಡುತ್ತೇನೆ: ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ಎರಡು ಸೆಕೆಂಡ್ ನೋಡಿ. ಆಯಿಲ್ ಮುಳ್ಳು ಸೊನ್ನೆಯಲ್ಲಿರಬೇಕು, ಆಯಿಲ್ ಲೈಟ್ ಕೆಂಪಗೆ ಉರಿಯಬೇಕು, ನೀರಿನ ಮುಳ್ಳು ತಳದಲ್ಲಿರಬೇಕು. ಇದರಲ್ಲಿ ಯಾವುದು ತಪ್ಪಿದರೂ ನನಗೆ ಫೋನ್ ಮಾಡಿ, ನಾನು ಯಾವ ಆಟೋ ಕೆಳಗೆ ಮಲಗಿದ್ದರೂ ಪರವಾಗಿಲ್ಲ. ಅಂಕಿ ಕೆಟ್ಟದಾದರೆ ಯಾರಾದರೂ ಬರುತ್ತಾರೆ. ಅಂಕಿ ಕಾರಣವಿಲ್ಲದೆ ಒಳ್ಳೆಯದಾದರೂ ಬನ್ನಿ ಅನ್ನುತ್ತೇನೆ, ಎಷ್ಟೋ ಜನ ನಗುತ್ತಾರೆ.

ಹೋಸ್ ಅಡಾಪ್ಟರನ್ನು ಪೂರ್ತಿ ಬೈಯಲಾರೆ. ಬೇರೆ ಜಾಗವೇ ಇಲ್ಲದ ಗಾಡಿಗೆ ಅದೇ ಗತಿ, ಅರ್ತನ್ನು ನೇರ ಇಂಜಿನ್ನಿಗೆ ಕೊಟ್ಟು, ಕ್ಲಾಂಪ್ ಉಬ್ಬಿನ ಹಿಂದೆ ಕೂರಿಸಿ, ಒಂದು ವಾರದ ನಂತರ ಮತ್ತೆ ಬಿಗಿ ಮಾಡಿದರೆ ಕೆಲಸ ನಡೆಯುತ್ತದೆ. ಆದರೆ ಮೂರು ಗಂಟೆಗೆ ಹೊರಗೆ ಟೆಂಪೋ ಕಾಯುತ್ತಿವೆ ಅಂತ ಅದನ್ನು ಆರಿಸಿಕೊಳ್ಳಬಾರದು. ವಾರಂಟಿ ಇರುವ ಹೊಸ ಗಾಡಿ ತಂದವರನ್ನು ನಾನು ವಾಪಸ್ ಕಳಿಸುತ್ತೇನೆ, ಸುಮ್ನೆ ತಲೆನೋವು.

ಮೇಷ್ಟ್ರು ಈ ವರ್ಷವೂ ತಿರುಪತಿಗೆ ಹೋಗಿ ಬಂದರು. ಬರುವಾಗ ಅಂಗಡಿಗೆ ಲಡ್ಡು ಕೊಟ್ಟು, ನೋಟ್‌ಬುಕ್ ತೆಗೆದು ತೋರಿಸಿದರು. ಮೊಗಿಲಿ ಘಾಟ್, ಏಸಿ ಆನ್, ಆರು ಜನ. ನೀರು 98. ಏರಿನಲ್ಲಿ ಆಯಿಲ್ 3.1, ಮೇಲೆ ಬಂದು ನಿಲ್ಲಿಸಿದಾಗ ಐಡಲ್‌ನಲ್ಲಿ 1.1. ಪುಟದ ಬಲತುದಿಯಲ್ಲಿ ಗೆರೆ ಎಳೆದು ಹೊಸದೊಂದು ಕಾಲಂ ಸೇರಿಸಿದ್ದರು, 'ವಾಸನೆ'. ಅದರ ಕೆಳಗೆ ಬೇರೆ ಕೈಬರಹದಲ್ಲಿ, ಅಮ್ಮನವರದು, 'ಇಲ್ಲ.'